ಕಾಶೀನಾಥನಿಗೆ ಗಾಳಿ ಇಷ್ಟ

ಪಕ್ಕದ ಮನೆಯ ವೆಂಕಟ್ರಮಣ ಭಟ್ಟರು ಬಾಯಿ ಮುಚ್ಚಿಕೊಂಡಿದ್ದಿದ್ದರೆ ಕಾಶೀನಾಥ ಆ ದಿನ ಕೊಚ್ಚಿಯ ಪಾಲಾರಿವಟ್ಟಂನ ಬಾಡಿಗೆ ಮನೆಯಲ್ಲಿ ಹಾಯಾಗಿ ಮಲಗಿರುತ್ತಿದ್ದ. ಭಟ್ಟರು ಕಾಸರಗೋಡಿನವರು, ಕೊಚ್ಚಿಯಲ್ಲಿ ವಕೀಲರು. ಕಕ್ಷಿದಾರರಿಗೆ ಕೊಡುವುದಕ್ಕಿಂತ ನೆರೆಹೊರೆಯವರಿಗೆ ಕೊಡುವ ಸಲಹೆಯೇ ಹೆಚ್ಚು.

ಕಾಶೀನಾಥ ಧಾರವಾಡದವನು. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಮಳೆ, ಗಾಳಿ ಅಳೆಯುವ ಕೆಲಸ. ಹೆಂಡತಿ ಪ್ರೇಮಾ ಧಾರವಾಡದಲ್ಲೇ ಶಾಲಾ ಶಿಕ್ಷಕಿ. ನಾಲ್ಕು ವರ್ಷದಿಂದ ಒಬ್ಬನೇ ಬೇಯಿಸಿ, ಒಬ್ಬನೇ ತಿಂದು, ಒಬ್ಬನೇ ಪಾತ್ರೆ ತೊಳೆದು ಅವನಿಗೆ ಸಾಕುಸಾಕಾಗಿತ್ತು. ಈಗ ಧಾರವಾಡದಲ್ಲಿ ಒಂದೇ ಒಂದು ಜಾಗ ಖಾಲಿಯಾಗಿತ್ತು. ವರ್ಗಾವಣೆಯ ಪಟ್ಟಿಯನ್ನು ತಿರುವನಂತಪುರದ ಸುಗತನ್ ಸಾಹೇಬರು ಮರುದಿನ ಬೆಳಿಗ್ಗೆ ದಿಲ್ಲಿಗೆ ಕಳಿಸುವವರಿದ್ದರು.

"ಅರ್ಜಿ ಕೊಟ್ಟು ತಿಂಗಳಾತ್ರಿ," ಎಂದಿದ್ದ ಕಾಶೀನಾಥ, ಹಿಂದಿನ ಸಂಜೆ.

"ಅರ್ಜಿ ಎಲ್ಲರೂ ಕೊಡ್ತಾರೆ ಮಾರಾಯ್ರೆ, ಮುಖ ತೋರಿಸ್ಬೇಕು!" ಎಂದರು ಭಟ್ಟರು. "ಆದ್ರೆ ಗೋಳು ಹೇಳ್ಬೇಡಿ. ಅಳುವವನನ್ನು ಕಂಡ್ರೆ ಯಾವ ಸಾಹೇಬನಿಗೂ ಆಗುದಿಲ್ಲ. ಅವರು ಎಂತ ತೋರಿಸಿದ್ರೂ ಲಾಯ್ಕ ಉಂಟು ಹೇಳಿ. ಆಮೇಲೆ ಮೆಲ್ಲ ಕೇಳಿ."

ಅವರ ಹೆಂಡತಿ ಹಂಸಾ ಸಾಹೇಬರಿಗೆಂದು ಒಂದು ಭರಣಿ ಮಿಡಿ ಉಪ್ಪಿನಕಾಯಿ ಕೊಟ್ಟರು.

ರಜೆ ಹಾಕಿ ಹತ್ತಿದ ನಸುಕಿನ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಲ್ಲಂವರೆಗೆ ನಿಂತೇ ಬಂದ ಕಾಶೀನಾಥನಿಗೆ ಸೀಟು ಸಿಕ್ಕಾಗ, ಭರಣಿಯ ಎಣ್ಣೆ ಸೋರಿ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಕೆಂಪು ನಕಾಶೆ ಬರೆದಿತ್ತು. ತಿರುವನಂತಪುರದ ಕಚೇರಿಯಲ್ಲಿ ಗುಮಾಸ್ತೆ, ಎಲ್ಲರಿಗೂ ಅಕ್ಕನಾದ ಗಿರಿಜಾ ಚೇಚಿ, ಆ ನಕಾಶೆಯನ್ನೇ ನೋಡುತ್ತ ಹೇಳಿದರು:

"ಸರ್ ಚೂಳಮಲೆಗೆ ಹೋಗಿದ್ದಾರಲ್ಲ! ವಾರಕ್ಕೊಮ್ಮೆ ಅವರೇ ಹತ್ತಿ ಗಾಳಿ ಅಳೆದು ಬರುತ್ತಾರೆ. ನಾಳೆ ಬೆಳಿಗ್ಗೆ ಸಿಗುತ್ತಾರೆ. ಚಾಯ ಕುಡಿದು ಹೋಗಿ."

ಚಾಯ ಕುಡಿದು ಹೋಗಿದ್ದರೆ ಕತೆ ಬೇರೆಯಾಗುತ್ತಿತ್ತು. ಕಾಶೀನಾಥ ಭಟ್ಟರಿಗೆ ಫೋನು ಮಾಡಿದ.

"ನಾಳೆ ಎಂದವನ ಮನೆ ಹಾಳು! ಗುಡ್ಡ ಹತ್ತಿ ಮಾರಾಯ್ರೆ!" ಎಂದರು ಭಟ್ಟರು, ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು.

ವಿತುರದವರೆಗೆ ಬಸ್ಸು. ಅಲ್ಲಿಂದ ಜೀಪು. ತಿರುವಿಗೊಮ್ಮೆ ಕಾಶೀನಾಥ ಭರಣಿಯನ್ನು ಅವಚಿಕೊಂಡ. ಜೀಪಿನವನು ದಾರಿ ಮುಗಿದಲ್ಲಿ ಇಳಿಸಿ, ಮೇಲೆ ಬೆರಳು ತೋರಿಸಿ ಹೊರಟುಹೋದ. ಒಂದು ಮನೆಯಿಲ್ಲ, ಒಂದು ಮರವೂ ನೆಟ್ಟಗಿಲ್ಲ. ಬರೀ ಹುಲ್ಲು, ಗಾಳಿ. ಒಂದು ಹೆಜ್ಜೆ ಮುಂದಿಟ್ಟರೆ ಗಾಳಿ ಎರಡು ಹೆಜ್ಜೆ ಹಿಂದೆ ನೂಕುತ್ತಿತ್ತು. ಕೊಡೆ ಬೆನ್ನು ಮುರಿದುಕೊಂಡು ಕಣಿವೆಗೆ ಹಾರಿತು. ತಲೆಯ ಮೇಲೆ ಜೋಪಾನವಾಗಿ ಅಡ್ಡ ಬಾಚಿಕೊಂಡಿದ್ದ ನಾಲ್ಕು ಕೂದಲು ಬಾವುಟದಂತೆ ಎದ್ದು ನಿಂತವು. ಜಿಗಣೆಗಳು ಕಾಲುಚೀಲದೊಳಗೆ ಊಟಕ್ಕೆ ಕೂತವು. ಪ್ರೇಮಾಳ ಮುಖ ನೆನೆದು ಅವನು ಹತ್ತಿದ. ಪಾಪ, ಇನ್ನೇನು ಮಾಡಿಯಾನು?

ತುದಿಯಲ್ಲಿ ತಗಡಿನ ಮಾಡಿನ ಒಂದು ಗೂಡು. ಒಳಗೆ ಸುಗತನ್ ಸಾಹೇಬರು ಕಾಗದಗಳ ಮೇಲೆಲ್ಲ ಕಲ್ಲು ಹೇರಿಕೊಂಡು ಕೂತಿದ್ದರು. ಅವನನ್ನು ಕಂಡು ಇಂಗ್ಲಿಷಿನಲ್ಲಿ ಉದ್ಗರಿಸಿದರು:

"ಕಾಶೀನಾಥ್! ಕರೆಯದೆ ಇಲ್ಲಿಗೆ ಬಂದ ಮೊದಲ ಮನುಷ್ಯ ನೀನು. ಗಾಳಿ ವಿಪರೀತ, ಅಲ್ಲವೇ?"

ಭಟ್ಟರ ಮಾತು ನೆನಪಿಟ್ಟುಕೊಂಡ ಕಾಶೀನಾಥ ಚಳಿಗೆ ಹಲ್ಲು ಕಟಕಟಿಸುತ್ತಿದ್ದರೂ ನಕ್ಕ. "ಒಳ್ಳೆ ಗಾಳಿ ಸರ್. ಮೈಗೆ ಹಿತ."

"ಜಿಗಣೆ ಕಚ್ಚಲಿಲ್ಲವೇ?"

"ಚಿಕ್ಕ ಚಿಕ್ಕವು ಸರ್, ಪಾಪ."

"ಇಂಥ ಕಡೆ ಒಬ್ಬನೇ ಇದ್ದರೆ ಬೇಸರವಾಗುವುದಿಲ್ಲವೇ?"

"ಒಬ್ಬನೇ ಇದ್ದು ರೂಢಿ ಸರ್, ನಾಲ್ಕು ವರ್ಷದಿಂದ," ಎಂದು, ಇನ್ನು ಮೆಲ್ಲಗೆ ಕೇಳಬಹುದೆಂದು ಬಾಯಿ ತೆರೆದ. "ಸರ್, ಧಾರವಾಡ..."

ಸಾಹೇಬರ ಕಣ್ಣು ತುಂಬಿಬಂತು. ಕಲ್ಲಿನಡಿಯಿಂದ ಪಟ್ಟಿಯನ್ನು ಎಳೆದು ಅವನ ಮುಂದೆ ಹಿಡಿದರು. ಕಾಶೀನಾಥ ಎಂಬ ಹೆಸರಿನ ಎದುರಿಗೆ ಧಾರವಾಡ ಎಂದು ಟೈಪಾಗಿತ್ತು.

"ನಿನ್ನ ಅರ್ಜಿ ಓದಿ ಕನಿಕರವಾಗಿ ಮೊನ್ನೆಯೇ ಹಾಕಿಬಿಟ್ಟಿದ್ದೆ," ಎಂದರು ಸಾಹೇಬರು. "ಈ ಗುಡ್ಡಕ್ಕೆ ಯಾರೂ ಬರಲೊಲ್ಲರು. ಹೆಸರೆತ್ತಿದರೆ ಡಾಕ್ಟರ ಸರ್ಟಿಫಿಕೇಟು ತರುತ್ತಾರೆ. ಎರಡು ವರ್ಷದಿಂದ ನಾನೇ ಹತ್ತಿ ಮಂಡಿ ಸವೆಸಿಕೊಂಡೆ. ನೀನು ನಿನ್ನ ರಜೆಯಲ್ಲಿ, ಇಷ್ಟಪಟ್ಟು ಬಂದಿದ್ದೀಯ! ಧಾರವಾಡಕ್ಕೆ ಹತ್ತು ಜನ ಸಿಗುತ್ತಾರೆ."

ಪೆನ್ನು ಧಾರವಾಡದ ಮೇಲೆ ಅಡ್ಡ ಹಾಯಿತು. ಪಕ್ಕದಲ್ಲಿ ಚೂಳಮಲೆ ಎಂದು ಬರೆದು ಸಹಿ ಹಾಕಿದರು.

"ಸರ್... ನನ್ನ ಹೆಂಡತಿ..."

"ಕರೆಸಿಕೋ! ಅವರಿಗೂ ಹಿಡಿಸುತ್ತದೆ. ಇಂದು ಸಂಜೆಯ ಲೆಕ್ಕ ನೀನೇ ಬರೆದುಬಿಡು, ನಾನು ಇಳಿಯುತ್ತೇನೆ."

ಬೀಗದ ಕೈ ಕಾಶೀನಾಥನ ಕೈಗೆ ಬಂತು. ಅವನು ಕೊಟ್ಟ ಉಪ್ಪಿನಕಾಯಿಯ ಭರಣಿಯನ್ನು ಕಂಕುಳಲ್ಲಿ ಇರುಕಿಕೊಂಡು ಸಾಹೇಬರು ಹುರುಪಿನಿಂದ ಇಳಿದುಹೋದರು. ಕಾಶೀನಾಥ ಕುರ್ಚಿಯಲ್ಲಿ ಕುಸಿದು ಕೂತ. ಅಳುವುದಕ್ಕೂ ತ್ರಾಣವಿರಲಿಲ್ಲ.

ಫೋನು ಬಡಿದುಕೊಂಡಿತು. ಧಾರವಾಡದಿಂದ ಪ್ರೇಮಾ.

"ಏನ್ರೀ, ವರ್ಗ ಆತೇನು?"

"ಆತು."

"ಅಯ್ಯ, ದೇವರು ದೊಡ್ಡಾಂವ! ಯಾವಾಗ ಹಾಜರಾಗಬೇಕಂತ್ರೀ?"

ಕೆಳಗೆ ಸಾಹೇಬರ ಬಿಳಿ ಟೋಪಿ ಹುಲ್ಲಿನಲ್ಲಿ ಮರೆಯಾಗುತ್ತಿತ್ತು. ಕಾಶೀನಾಥ ಕಾಲುಚೀಲದಿಂದ ಒಂದು ಜಿಗಣೆಯನ್ನು ಕಿತ್ತು ಎಸೆದ.

"ಆಗೇಬಿಟ್ಟೀನಿ," ಎಂದ.