ರಾಜೇಸಾಬರ ಟೆಂಟಿನಲ್ಲಿ ರಷ್ಯಾದ ಹುಲಿ

ಇಂಜಿನಿಯರ್ ಸಾಹೇಬರು ಬೇಜಾರಿಗೆ ಒಂದು ಮಾತು ಅಂದರು. ಆಫೀಸಿನಲ್ಲಿದ್ದ ಉಳಿದ ಆರು ಜನ ಬಾಯಿ ಮುಚ್ಚಿಕೊಂಡು ಕೂತರು. ಕನಕರಾಯನೂ ಹಾಗೇ ಕೂತಿದ್ದರೆ ಸಿಂಧನೂರಿಗೆ ರಷ್ಯಾ ದೇಶ ಬರುತ್ತಿರಲಿಲ್ಲ.

ಸಾಹೇಬರು ಮೈಸೂರು ಕಡೆಯವರು. ಕಾಲುವೆ ಆಫೀಸಿಗೆ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತು ಅಷ್ಟೇ.

"ಏನ್ರೀ ಊರಿದು? ಶನಿವಾರ ಭಾನುವಾರ ಬಂದ್ರೆ ನೋಡೋಕೆ ಒಂದು ಒಳ್ಳೆ ಸಿನಿಮಾ ಇಲ್ಲ. ಆ ಟೆಂಟಿನಲ್ಲಿ ತಿಂಗಳಿಡೀ ಅದೇ ಕತ್ತಿವರಸೆ" ಎಂದು ಅವರು ಫೈಲಿನಿಂದ ಗಾಳಿ ಬೀಸಿಕೊಂಡರು.

ಕನಕರಾಯ ಎರಡನೇ ದರ್ಜೆ ಗುಮಾಸ್ತ. ಸರ್ಕಾರಿ ಕ್ವಾರ್ಟರ್ಸಿಗಾಗಿ ಅವನು ಹಾಕಿದ ಅರ್ಜಿ ಸಾಹೇಬರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಈಗಿದ್ದ ಬಾಡಿಗೆ ಮನೆಯ ಗೋಡೆಯಾಚೆ ಕಸ್ತೂರೆಮ್ಮ ಇದ್ದಳು. ಇಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿದರೆ ಅಲ್ಲಿಂದಲೇ "ಇವತ್ತೇನ್ ಪಲ್ಯಾ ಅಮರಮ್ಮ?" ಎಂದು ಅವನ ಹೆಂಡತಿಯನ್ನು ಕೇಳುತ್ತಿದ್ದಳು. ಗಂಡ ಹೆಂಡತಿ ಜಗಳವಾಡಬೇಕಾದರೂ ಕಾಲುವೆ ದಂಡೆಗೆ ಹೋಗಿ ಬರಬೇಕಾಗಿತ್ತು. ಸಾಹೇಬರ ಕಣ್ಣಿಗೆ ತಾನು ತಿಳಿದವನಂತೆ ಕಂಡರೆ ಸಹಿ ಬೇಗ ಬಿದ್ದೀತು ಎಂಬ ಆಸೆಗೆ ಅವನ ನಾಲಗೆ ಜಾರಿತು.

"ಸರ್, ಪಿಚ್ಚರ್ ಅಂದ್ರ ರಷ್ಯನ್ ಪಿಚ್ಚರ್ ನೋಡ್ಬೇಕ್ರೀ. ಹೈದ್ರಾಬಾದಿನ್ಯಾಗ ನಾ ಭಾಳ ನೋಡೀನಿ."

ನೋಡಿದ್ದು ಒಂದೇ ಒಂದು. ಇಲಾಖೆಯ ಪರೀಕ್ಷೆ ಬರೆಯಲು ಹೋದಾಗ, ಮೇ ತಿಂಗಳ ಬಿಸಿಲು ತಾಳಲಾರದೆ, ಫ್ಯಾನು ಇದೆಯೆಂದು ಒಂದು ಥಿಯೇಟರಿಗೆ ನುಗ್ಗಿ ಮೂರು ತಾಸು ಗಡದ್ದಾಗಿ ನಿದ್ದೆ ಹೊಡೆದಿದ್ದ. ಹೊರಗೆ ಬಂದಮೇಲೆ ಪೋಸ್ಟರು ನೋಡಿ ಅದು ರಷ್ಯನ್ ಪಿಚ್ಚರೆಂದು ತಿಳಿದಿತ್ತು. ಮಿಕ್ಕ ಜ್ಞಾನವೆಲ್ಲ ಮಕ್ಕಳ ಪುಸ್ತಕಕ್ಕೆ ರಟ್ಟು ಹಾಕಿದ ರಷ್ಯಾದ ಪತ್ರಿಕೆಯ ನುಣುಪು ಹಾಳೆಗಳಿಂದ ಬಂದದ್ದು.

ಸಾಹೇಬರು ಹುಬ್ಬೇರಿಸಿದರು. "ಹೌದಾ? ರಷ್ಯನ್ನಾ? ಹಾಗಾದ್ರೆ ಯಾವ್ಯಾವುದು ನೋಡಬೇಕು ಅಂತ ಒಂದು ಪಟ್ಟಿ ಬರೆದು ಹಾಕಿ."

ಕನಕರಾಯ ಬರೆದ. ‘ಶನಿವಾರ, ಭಾನುವಾರಗಳಂದು ನೋಡತಕ್ಕ ಉತ್ತಮ ರಷ್ಯನ್ ಚಿತ್ರಗಳು’ ಎಂದು ಮೇಲೆ ಬರೆದು ಕೆಳಗೆ ಐದು ಹೆಸರು. ಎರಡು ರಟ್ಟಿನ ಹಾಳೆಯವು, ಮೂರು ತನ್ನ ತಲೆಯವು. ನೋಟೀಸ್ ಬೋರ್ಡಿಗೆ ಅಂಟಿಸಿದ ಪಟ್ಟಿಯ ಸುದ್ದಿ ಚಹಾ ತರುವವನ ಜೊತೆ ಹೋಟೆಲಿಗೆ ಹೋಯಿತು, ಹೋಟೆಲಿನಿಂದ ಟೂರಿಂಗ್ ಟಾಕೀಸಿನ ಮಾಲಕ ರಾಜೇಸಾಬರ ಕಿವಿಗೆ ಬಿತ್ತು. ಇಂಜಿನಿಯರ್ ಸಾಹೇಬರೇ ರಷ್ಯನ್ ಪಿಚ್ಚರು ಕೇಳುತ್ತಿದ್ದಾರೆ ಎಂದಮೇಲೆ ಬಿಡುವುದುಂಟೆ? ರಾಯಚೂರಿನ ಏಜೆಂಟನಿಗೆ ಹೇಳಿ ಕಳಿಸಿದರು. ಅವನ ಗೋದಾಮಿನಲ್ಲಿ ಯಾರೂ ಕೇಳದ ಒಂದು ರಷ್ಯನ್ ರೀಲಿನ ಡಬ್ಬಿ ಮೂಲೆ ಹಿಡಿದಿತ್ತು. ಮಗಳನ್ನು ಧಾರೆಯೆರೆದು ಕೊಟ್ಟ ತಂದೆಯ ಹಾಗೆ ನಿಟ್ಟುಸಿರು ಬಿಟ್ಟು ಅದನ್ನು ಬಸ್ಸಿಗೆ ಹಾಕಿದ.

ಶನಿವಾರ ಬೆಳಿಗ್ಗೆ ಕನಕರಾಯ ಬೇವಿನ ಕಡ್ಡಿ ಕಚ್ಚಿಕೊಂಡು ಅಂಗಳದಲ್ಲಿ ನಿಂತಿದ್ದಾಗ ಓಣಿಯಲ್ಲಿ ಜಟಕಾ ಬಂತು. ಟಾಕೀಸಿನ ಪ್ರಚಾರದ ದಾವಲ್‌ಸಾಬ್ ತಗಡಿನ ತುತ್ತೂರಿಗೆ ಬಾಯಿ ಹಚ್ಚಿದ್ದ.

"ಬರ್ರೆಪೋ ಬರ್ರಿ! ಇವತ್ತು ಸಂಜೀಕ, ನಾಳೆ ಸಂಜೀಕ, ಎರಡ ದಿನಾ! ರಷ್ಯಾ ದೇಶದ ಭಯಂಕರ ಪಿಚ್ಚರ್, ‘ರಷ್ಯಾದ ಹುಲಿ’! ಫೈಟಿಂಗ್ ಐತಿ, ಡ್ಯಾನ್ಸ್ ಐತಿ, ಖರೇ ಹುಲಿ ಐತಿ! ಆರಿಸಿ ಕೊಟ್ಟವರು ಹೈದ್ರಾಬಾದಿನ ರಷ್ಯನ್ ಪಂಡಿತ ಕನಕರಾಯ್ರು!"

ಕಡ್ಡಿ ಕನಕರಾಯನ ಗಂಟಲಿಗೆ ಇಳಿಯುವುದರಲ್ಲಿತ್ತು. ಓಡಿ ಜಟಕಾ ಹಿಡಿದ.

"ದಾವಲ್‌ಸಾಬ್! ಹುಲಿ ಎಲ್ಲಿಂದ ಬಂತೋ?"

"ಡಬ್ಬಿ ಮ್ಯಾಲಿನ ಅಕ್ಷರ ಯಾರಿಗೂ ಓದಾಕ ಬರಲಿಲ್ರೀ. ಹೆಸರಿಲ್ಲದ ಪಿಚ್ಚರ್‌ಗೆ ಜನ ಬರ್ತಾರೇನ್ರಿ? ಅದಕ್ಕ ನಾನs ಇಟ್ಟೆ."

"ಹುಲಿ ಇಲ್ಲದಿದ್ರ?"

"ಪಂಡಿತರು ನೀವದೀರಲ್ರೀ" ಎಂದು ಅವನು ಕುದುರೆ ಹೊಡೆದ.

ಮನೆಗೆ ಬರುವಷ್ಟರಲ್ಲಿ ಕಸ್ತೂರೆಮ್ಮ ಹೊಸ್ತಿಲಲ್ಲಿದ್ದಳು. "ಕನಕರಾಯಣ್ಣ, ನಿನಗ ರಷ್ಯಾ ಮಾತು ಬರ್ತಾವಂತ ಗೋಡೀಗೆ ಕಿವಿ ಹಚ್ಚಿ ಇದ್ರೂ ನನಗ ಗೊತ್ತಾಗಲಿಲ್ಲ ನೋಡು!" ಎಂದು ನೊಂದುಕೊಂಡಳು.

ಸಂಜೆ ಟೆಂಟಿನ ಸುತ್ತ ಬಂಡಿಗಳು ನಿಂತಿದ್ದವು. ತುರ್ವಿಹಾಳದಿಂದ, ಮುಕ್ಕುಂದದಿಂದ, ದಢೇಸುಗೂರಿನಿಂದ ಜನ ಹುಲಿ ನೋಡಲು ಬಂದಿದ್ದರು. ಮೊದಲ ಸಾಲಿನ ಕುರ್ಚಿಯಲ್ಲಿ ಇಂಜಿನಿಯರ್ ಸಾಹೇಬರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

ದೀಪ ಆರಿತು. ಪರದೆಯ ಮೇಲೆ ಹಿಮ ಬಿತ್ತು. ಮತ್ತೆ ಹಿಮ ಬಿತ್ತು. ಹಿಮದ ನಡುವೆ ಒಂದು ಮನೆ, ಮನೆಯೊಳಗೆ ಒಬ್ಬ ಅಜ್ಜಿ. ಅಜ್ಜಿ ಆಲೂಗಡ್ಡೆ ಸುಲಿದಳು. ಒಂದು ಬುಟ್ಟಿ ಸುಲಿದು ಮುಗಿಸಿ ಇನ್ನೊಂದು ಬುಟ್ಟಿ ಎಳೆದುಕೊಂಡಳು. ನಡುನಡುವೆ ಗಲ್ಲಕ್ಕೆ ಕೈ ಹಚ್ಚಿ ರಷ್ಯನ್ನಿನಲ್ಲಿ ಏನೋ ಗೊಣಗಿದಳು.

"ಹುಲಿ ಎಲ್ಲೈತಲೇ?" ಎಂದಿತು ಒಂದು ದನಿ.

"ಆಲೂಗಡ್ಡಿ ಮುಗೀಲಿ ತಡಿ, ಬರ್ತೈತಿ."

ಆಲೂಗಡ್ಡೆ ಮುಗಿಯಲಿಲ್ಲ. ಶಿಳ್ಳೆ ಎದ್ದವು. ಬೆಂಚು ಬಡಿದರು. ಯಾರೋ ಎಸೆದ ಚಪ್ಪಲಿ ಪರದೆಯ ಅಜ್ಜಿಯ ಬುಟ್ಟಿಗೇ ಬಿತ್ತು. ರಾಜೇಸಾಬ್ ಕತ್ತಲಲ್ಲಿ ತಡಕಾಡಿ ಕನಕರಾಯನ ರಟ್ಟೆ ಹಿಡಿದು ಎಳೆದೊಯ್ದರು. ಕೈಯಲ್ಲಿ ಮೈಕು ತುರುಕಿದರು.

"ಕತಿ ಹೇಳ್ರಿ ಪಂಡಿತರೇ. ಇಲ್ಲಂದ್ರ ಇವ್ರು ಮೊದಲು ಟೆಂಟ್ ಕಿತ್ತತಾರ, ಆಮ್ಯಾಲೆ ನಾ ನಿಮ್ಮನ್ನ ಕಿತ್ತತೀನಿ."

ಕನಕರಾಯ ಪರದೆ ನೋಡಿದ. ಅಲ್ಲಿ ಏನು ನಡೆಯುತ್ತಿದೆಯೋ ಅವನಿಗೂ ಗೊತ್ತಿರಲಿಲ್ಲ. ಹನ್ನೆರಡು ವರ್ಷ ಕಾಲುವೆ ಆಫೀಸಿನಲ್ಲಿ ಅರ್ಜಿ ಓದಿದವನಿಗೆ ಗೊತ್ತಿದ್ದ ಕತೆ ಒಂದೇ. ಬಾಯಿಂದ ಅದೇ ಹೊರಟಿತು.

"ಈ ಮುದುಕಿ... ಗಂಡ ಸತ್ತ ಹೆಣ್ಮಗಳು. ಗಲ್ಲಕ್ಕ ಕೈ ಹಚ್ಗೊಂಡು ಯಾಕ ಕುಂತಾಳ? ಚಿಂತಿ! ಎಂಥಾ ಚಿಂತಿ? ಈಕೀ ಹೊಲ ಕಾಲುವಿಯ ಕಟ್ಟಕಡೀಗೆ ಐತಿ. ಮ್ಯಾಲಿನವ್ರು ನೀರೆಲ್ಲಾ ಕುಡದು ಬಿಡ್ತಾರ. ಈಕೀಗೆ ಒಂದ್ ಹನಿ ಬಂದಿಲ್ಲ!"

ಬೆಂಚು ಬಡಿಯುವುದು ನಿಂತಿತು. ತುರ್ವಿಹಾಳದ ಆದೆಪ್ಪ ಎಂಬ ಮುದುಕ ಬೆಂಚಿನ ಮೇಲೆ ಎದ್ದು ನಿಂತ. ಅವನ ಹೊಲವೂ ಉಪಕಾಲುವೆಯ ಕಟ್ಟಕಡೆಯದೇ. "ರಷ್ಯಾದಾಗೂ ಹಿಂಗs ಏನ್ರೀ?" ಎಂದ.

"ಹಿಂಗs ಅಜ್ಜಾ. ಮಾತು ಬ್ಯಾರೆ, ಕಾಲುವಿ ಒಂದs."

ಅಷ್ಟರಲ್ಲಿ ಪರದೆಯ ಮೇಲೆ ತುಪ್ಪಳದ ಟೋಪಿ ಹಾಕಿದ ದಪ್ಪ ಮನುಷ್ಯನೊಬ್ಬ ರೈಲಿನಿಂದ ಇಳಿದ. ಕೈಯಲ್ಲಿ ಚರ್ಮದ ಚೀಲ.

"ಇಂವ ಯಾರ್ರೀ? ಇವನs ಹುಲಿ ಏನು?"

"ಇವನs!" ಎಂದ ಕನಕರಾಯ. ಕತೆ ಈಗ ಅವನನ್ನು ಮೀರಿ ಓಡುತ್ತಿತ್ತು. "ನೋಡಾಕ ಮನಿಷ್ಯಾ, ಸ್ವಭಾವದಾಗ ಹುಲಿ! ಕಾಲುವಿ ಇಂಜಿನಿಯರ್! ಹೊಸದಾಗಿ ವರ್ಗ ಆಗಿ ಬಂದಾನ. ಆ ಚೀಲದಾಗ ತೂಬಿನ ಕೀಲಿಕೈ ಅದಾವ. ಮ್ಯಾಲಿನವ್ರ ಮನ್ಯಾಗ ಕೋಳಿ ತಿಂತಾನ, ಕೆಳಗಿನವ್ರಿಗೆ ನೀರಿಲ್ಲ ಅಂತಾನ!"

ಹೇಳಿ ಮುಗಿಸುವಷ್ಟರಲ್ಲಿ ಟೋಪಿಯವನು ಪರದೆಯ ಮೇಲೆ ನಿಜವಾಗಿಯೂ ಒಂದು ಕೋಳಿ ಕಾಲು ಕಚ್ಚಿದ. ಟೆಂಟು ಎದ್ದು ಕುಣಿಯಿತು.

"ನಮ್ ಸಾಹೇಬನ ಹಂಗs ಅದಾನಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಆಗ ಕನಕರಾಯನ ಕಣ್ಣು ಮೊದಲ ಸಾಲಿಗೆ ಹೋಯಿತು. ಯಂತ್ರದ ಬೆಳಕಿನಲ್ಲಿ ಸಾಹೇಬರ ಬೋಳು ತಲೆ ತುಪ್ಪ ಸವರಿದ ಹೋಳಿಗೆಯಂತೆ ಮಿಂಚುತ್ತಿತ್ತು. ಅವರು ಕರ್ಚೀಪಿನಿಂದ ಬಾಯಿ ಒತ್ತಿ ಹಿಡಿದಿದ್ದರು. ಹೆಗಲು ಅಲುಗುತ್ತಿದ್ದವು. ಸಿಟ್ಟಿಗೆ ನಡುಗುತ್ತಿದ್ದಾರೆ ಎಂದುಕೊಂಡ ಕನಕರಾಯ ಕತೆಯನ್ನು ಅಲ್ಲೇ ಹೊರಳಿಸಲು ನೋಡಿದ.

"ಆದ್ರ... ಆದ್ರ ಈ ಇಂಜಿನಿಯರ್ ಮನಸಿನಾಗ ಭಾಳ ಒಳ್ಳೆಯವ" ಎಂದು ತೊದಲಿದ.

"ಸುಳ್ಳು!" ಎಂದಿತು ಟೆಂಟು. ಟೋಪಿಯವನು ಎರಡನೇ ಕಾಲು ಕಚ್ಚುತ್ತಿದ್ದ.

ಏನು ಮಾಡಿದರೂ ಆ ಮನುಷ್ಯ ಒಳ್ಳೆಯವನಾಗಲಿಲ್ಲ. ಕನಕರಾಯ ಅವನ ಬಾಯಿಗೆ ದಯೆಯ ಮಾತು ಇಟ್ಟರೆ ಅವನು ಪರದೆಯ ಮೇಲೆ ಆಕಳಿಸುತ್ತಿದ್ದ. ಅಜ್ಜಿ ಓಡಿಬಂದು ಅವನ ಕೈ ಹಿಡಿದುಕೊಂಡು ಗೋಳಾಡಿದಾಗ ಹೆಂಗಸರ ಕಡೆಯಿಂದ ಕಸ್ತೂರೆಮ್ಮನ ಶಾಪ ಕೇಳಿಸಿತು: "ನಿನ್ನ ಟೋಪಿಗೆ ಗೆದ್ದಲಾ ಹಿಡೀಲಿ!" ಕಡೆಗೆ ಟೋಪಿಯವನು ಚೀಲ ತೆರೆದ, ಅಜ್ಜಿಯ ಮುಖದ ಮೇಲೆ ಬಾಗಿದ, ಅಜ್ಜಿ ಚೀರಿದಳು, ಆಮೇಲೆ ನಕ್ಕಳು, ಊರಿನವರೆಲ್ಲ ಸೇರಿ ಕುಣಿದರು.

"ಕೀಲಿಕೈ ಕೊಟ್ಟ! ತೂಬು ತೆರದ್ರು! ನೀರು ಬಂತು!" ಎಂದು ಕನಕರಾಯ ಕೂಗಿ ಕುಸಿದು ಕೂತ.

ಜನ ಅವನನ್ನು ಹೆಗಲ ಮೇಲೆ ಹೊತ್ತರು. ಆದೆಪ್ಪ ಅವನ ಎರಡೂ ಕೈ ಹಿಡಿದು ಅತ್ತ. ರಾಜೇಸಾಬ್ ಹಾರ ಹಾಕಿದರು. ಆ ಹಾರದ ಸಮೇತ ಅವನನ್ನು ಜೀಪಿನ ಹತ್ತಿರ ಕರೆಸಿಕೊಂಡವರು ಸಾಹೇಬರು.

"ಸರ್, ತಪ್ಪಾತ್ರೀ. ಅದು ಆ ಪಿಚ್ಚರ್‌ನವ್ರು ಮಾಡಿದ ಕತಿ ರೀ, ನಂದಲ್ರೀ..."

"ಕನಕರಾಯರೇ," ಸಾಹೇಬರು ಮೆಲ್ಲಗೆ ಹೇಳಿದರು, "ಅಣೆಕಟ್ಟಿನ ಕೆಲಸ ಕಲಿಯೋಕೆ ಅಂತ ಸರ್ಕಾರ ನನ್ನನ್ನ ಮೂರು ವರ್ಷ ಮಾಸ್ಕೋಗೆ ಕಳಿಸಿತ್ತು. ನಂಗೆ ರಷ್ಯನ್ ಬರುತ್ತೆ."

ಕನಕರಾಯ ಜೀಪಿನ ಬಾನೆಟ್ಟಿಗೆ ಆತುಕೊಂಡ.

"ಆ ಟೋಪಿಯವನು ಹಲ್ಲಿನ ಡಾಕ್ಟರು. ಮುದುಕಿ ಗಲ್ಲ ಹಿಡ್ಕೊಂಡದ್ದು ಹಲ್ಲುನೋವಿಗೆ. ಕೊನೆಗೆ ಕಿತ್ತದ್ದು ಹಲ್ಲು. ಇಡೀ ಸಿನಿಮಾದಲ್ಲಿ ಕಾಲುವೆ ಇಲ್ಲ ಕಣ್ರೀ, ಒಂದು ಬಾವಿ ಕೂಡ ಇಲ್ಲ! ಹಾಗಾದ್ರೆ ನೀವು ಹೇಳಿದ ಕಾಲುವೆ ಯಾವುದು? ಹೊಸದಾಗಿ ವರ್ಗವಾಗಿ ಬಂದು ಕೋಳಿ ತಿಂದ ಇಂಜಿನಿಯರು ಯಾರು?"

ಕನಕರಾಯನಿಗೆ ರಷ್ಯನ್ ಹೋಗಲಿ, ಕನ್ನಡವೂ ಬರದಂತಾಯಿತು.

"ಹೆದರಬೇಡಿ. ನಕ್ಕು ನಕ್ಕು ನನ್ನ ಹೊಟ್ಟೆ ನೋಯ್ತಾ ಇದೆ. ನಿಮ್ಮ ಕ್ವಾರ್ಟರ್ಸ್ ಫೈಲು ನನ್ನ ಮೇಜಿನ ಮೇಲೇ ಇದೆ. ನಾಳೆ ಆಟಕ್ಕೂ ನೀವೇ ಕತೆ ಹೇಳಿ. ಎಲ್ಲ ಹಾಗೇ ಇರಲಿ. ಒಂದೇ ಒಂದು ತಿದ್ದುಪಡಿ. ಟೋಪಿಯವನು ಇಂಜಿನಿಯರಲ್ಲ, ಆಫೀಸಿನ ಗುಮಾಸ್ತ. ಇಂಜಿನಿಯರು ದೇವರಂಥವನು, ಪಾಪ ಅವನಿಗೆ ಏನೂ ಗೊತ್ತಿಲ್ಲ. ತಿಳೀತಾ?"

ಭಾನುವಾರ ಟೆಂಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನೋಡಿ ಹೋದವರೇ ಬೀಗರನ್ನೂ ಕರೆದುಕೊಂಡು ಬಂದಿದ್ದರು. ಹಿಮ ಬಿತ್ತು, ಅಜ್ಜಿ ಆಲೂಗಡ್ಡೆ ಸುಲಿದಳು, ರೈಲು ಬಂತು. ಕನಕರಾಯ ಕಣ್ಣು ಮುಚ್ಚಿ ಹೇಳಿದ: "ಇಂವ ಕಾಲುವಿ ಆಫೀಸಿನ ಗುಮಾಸ್ತ. ಅರ್ಜಿ ಮ್ಯಾಲೆ ಕುಂತು ಕೋಳಿ ತಿನ್ನಾವ."

ಆದೆಪ್ಪ ಥಟ್ಟನೆ ಎದ್ದ. "ನಿಂದರ್ರಿ, ನಿಂದರ್ರಿ! ನಿನ್ನೆ ಇಂವ ಇಂಜಿನಿಯರ್ ಇದ್ನಲ್ರೀ?"

ಕನಕರಾಯ ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬ ಉತ್ತರ ಕೊಟ್ಟ:

"ಡಿಮೋಶನ್ ಆಗೈತಿ ಅಜ್ಜಾ! ನಿನ್ನೆ ಅಷ್ಟು ಅನ್ಯಾಯ ಮಾಡಿದ್ನಲ್ಲ, ಬಿಡ್ತಾರೇನು? ರಷ್ಯಾ ಅದು!"

ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಸಾಹೇಬರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಆಟ ಮುಗಿದಮೇಲೆ ರೈತರು ಮನೆಗೆ ಹೋಗಲಿಲ್ಲ. ಆದೆಪ್ಪನನ್ನು ಮುಂದೆ ಮಾಡಿಕೊಂಡು ಸಾಹೇಬರನ್ನು ಸುತ್ತುವರಿದರು. "ಸಾಹೇಬ್ರೆ, ನೀವು ದೇವರಂಥವ್ರು, ನಿಮಗೇನೂ ಗೊತ್ತಾಗಿಲ್ಲ. ನಿಮ್ಮ ಆಫೀಸಿನ್ಯಾಗೂ ಅಂಥಾ ಗುಮಾಸ್ತ ಒಬ್ಬ ಅದಾನ್ರೀ. ಇಲ್ಲಂದ್ರ ನಮಗ ನೀರು ಯಾಕ ಬರವಲ್ದು?"

ಸಾಹೇಬರು ಎದೆಯ ಮೇಲೆ ಕೈ ಇಟ್ಟುಕೊಂಡರು. "ನನಗೂ ಅನುಮಾನ ಇತ್ತು ಯಜಮಾನ್ರೇ. ಒಂದು ಅರ್ಜಿ ಕೊಡಿ, ಅವನನ್ನ ನಾಳೆಯೇ ತೆಗೆದುಹಾಕ್ತೀನಿ."

"ನಮಗ ಬರಿಯಾಕ ಬರಂಗಿಲ್ರೀ."

"ಅದಕ್ಕೇನು? ಪಂಡಿತರು ಇದ್ದಾರಲ್ಲ! ಕನಕರಾಯರೇ, ಬರಕೊಳ್ಳಿ."

ಟಿಕೀಟು ಕೊಡುವ ಮೇಜಿನ ಮುಂದೆ ಕನಕರಾಯ ಕೂತ. ಆದೆಪ್ಪ ಹೇಳುತ್ತ ಹೋದ, ಅವನು ಬರೆಯುತ್ತ ಹೋದ. ‘ಸದರಿ ಗುಮಾಸ್ತನನ್ನು ಕೂಡಲೇ ಇಲ್ಲಿಂದ ತೆಗೆಯಬೇಕಾಗಿ ವಿನಂತಿ’ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು.

"ಹೆಸರು, ಸರ್?"

"ಅಲ್ಲಿ ಜಾಗ ಬಿಡಿ" ಎಂದರು ಸಾಹೇಬರು. "ನಾಳೆ ಆಫೀಸಿನಲ್ಲಿ ನಾನೇ ತುಂಬ್ಕೋತೀನಿ."

ಆದೆಪ್ಪ ಶಾಯಿಯಲ್ಲಿ ಹೆಬ್ಬೆರಳು ಅದ್ದಿ ಒತ್ತಿದ. ಹಾಳೆಯನ್ನು ಬೆಳಕಿಗೆ ಹಿಡಿದು ಕಣ್ತುಂಬ ನೋಡಿದ.

"ಓದಾಕ ಬರದಿದ್ರೂ ಹೇಳ್ತೀನ್ರೀ ಪಂಡಿತರೇ, ಅಕ್ಷರ ಮುತ್ತು ಪೋಣಿಸಿದಂಗ ಅದಾವ. ನಿಮ್ಮಂಥವ್ರು ಒಬ್ರು ಆ ಆಫೀಸಿನ್ಯಾಗ ಇದ್ದಿದ್ರ, ನಮ್ಮ ಹೊಲಕ್ಕ ಎಂದೋ ನೀರು ಬರ್ತಿತ್ತು!"