ಅಕ್ಕನ ಬೆರಳಿನ ಚೂರು

ಬಾಟಲಿ ಕೈಜಾರಬಹುದಿತ್ತು. ಮುಚ್ಚಳ ಸಡಿಲಾಗಿ ಒಳಗಿನ ಔಷಧಿ ನೀರು ಪಕ್ಕದವರ ಪಂಚೆಗೆ ಸುರಿಯಬಹುದಿತ್ತು. ಹೆದ್ದಾರಿ ಅಗಲ ಮಾಡುವವರು ಬಿಡದಿಯಲ್ಲಿ ದಾರಿ ತಿರುಗಿಸಿ, ಬಸ್ಸು ಬೈರಮಂಗಲವನ್ನೆಲ್ಲ ಸುತ್ತಿ ಬೆಂಗಳೂರು ಸೇರುವಷ್ಟರಲ್ಲಿ ಲ್ಯಾಬಿನವರು ಬಾಗಿಲು ಹಾಕಿರಬಹುದಿತ್ತು. ಕಂಡಕ್ಟರ್ “ಏನ್ರೀ ಅದು?” ಎಂದು ಕೇಳಿ, ನಾನು “ಪರೀಕ್ಷೆಗೆ ನಮ್ಮಕ್ಕನ ಬೆರಳಿಂದ ಕುಯ್ದಿದ್ದು” ಎಂದು ನಿಜ ಹೇಳಿ, ಅರ್ಧ ಬಸ್ಸು ಇಳಿದು ಹೋಗಬಹುದಿತ್ತು. ಮನೆ ಬಿಡುವ ಮೊದಲೇ ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಚಿಂತೆಯ ವಿಷಯದಲ್ಲಿ ನಾನು ಎಂದೂ ಕೆಲಸಗಳ್ಳನಲ್ಲ.

ನನ್ನ ಅಕ್ಕ ಜಯಮ್ಮ ರಾಮನಗರದಲ್ಲಿ ಬಿಸಿನೀರಿಗೆ ಕೈ ಅದ್ದಿ ಅದ್ದಿ ರೇಷ್ಮೆಗೂಡಿನ ನೂಲು ತೆಗೆಯುವವಳು. ಎರಡು ವರ್ಷದಿಂದ ಅವಳ ಬೆರಳಲ್ಲೊಂದು ಹುಣ್ಣು. ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಮತ್ತೆ ಅದೇ ನೀರಿಗೆ ಅದ್ದುತ್ತಿದ್ದಳು. ಕೊನೆಗೆ ನಾನೇ ಡಾಕ್ಟರಮ್ಮನ ಬಳಿ ಎಳೆದೊಯ್ದೆ.

“ಗಾಯ ಆದ ಕಡೆ ದೇಹ ರಿಪೇರಿಯವರನ್ನ ಕಳಿಸುತ್ತೆ. ಅದೇ ಉರಿಯೂತ,” ಎಂದರು ಅವರು. “ಅವರು ವರ್ಷಗಟ್ಟಲೆ ಅಲ್ಲೇ ಕೂತರೆ, ಹೊಸದಾಗಿ ಹುಟ್ಟೋ ಜೀವಕೋಶಗಳಲ್ಲಿ ಒಂದೆರಡು ದಾರಿ ತಪ್ಪಬಹುದು. ಹೇಗೆ ತಪ್ಪುತ್ತೆ ಅನ್ನೋದನ್ನೇ ಈಗ ಸಂಶೋಧನೆ ಮಾಡ್ತಿದ್ದಾರೆ. ಎಲ್ಲ ಹುಣ್ಣೂ ಕ್ಯಾನ್ಸರ್ ಆಗಲ್ಲ. ಆದರೂ ಚೂರು ತೆಗೆದು ಕೊಡ್ತೀನಿ, ಬೆಂಗಳೂರಿನ ಲ್ಯಾಬಿಗೆ ಒಯ್ದು ತೋರಿಸಿಬಿಡಿ.”

ನಾನು ಬಿಡದಿಯ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದವನು. ರಿಪೇರಿಯವರು ಒಂದೇ ಯಂತ್ರದ ಬಳಿ ಬಹಳ ದಿನ ಕೂತರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಾಟಲಿ ನನ್ನ ಕೈಗಿಡುವಾಗ ಅಕ್ಕ ಮೆಲ್ಲಗೆ ಕೇಳಿದಳು: “ಬೆರಳು ತೆಗುದ್ಬುಟ್ರೆ ನೂಲು ಹೆಂಗ್ಲಾ ಹಿಡೀಲಿ?” ಅದಕ್ಕಿಂತ ದೊಡ್ಡ ಪ್ರಶ್ನೆಯನ್ನು ಅವಳು ಕೇಳಲಿಲ್ಲ. ನಾನು ಬಾಟಲಿ ಹಿಡಿದು ಬಸ್ಸು ಹತ್ತಿದೆ.

ಬಸ್ಸು ಹೊತ್ತಿಗೆ ಸರಿಯಾಗಿ ಹೋಯಿತು. ಲ್ಯಾಬಿನ ಬೆಂಚಿನ ಮೇಲೆ ಕೂತು ಫಾರಂ ತುಂಬಿ, ಬಾಟಲಿ ಒಪ್ಪಿಸಿ ಬಂದೆ. ವಾರದ ಮೇಲೆ ವರದಿ ಬಂದಾಗ ಅಕ್ಕನನ್ನೂ ಕರೆದುಕೊಂಡು ಹೋದೆ.

ವರದಿ ಓದಿದ ಡಾಕ್ಟರಮ್ಮ, “ಕ್ಯಾನ್ಸರ್ ಇಲ್ಲ. ಹಳೇ ಉರಿಯೂತ ಅಷ್ಟೆ. ಕೈ ನೀರಿಗೆ ಹಾಕದಿದ್ದರೆ ಮಾಯುತ್ತೆ,” ಎಂದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಹೆಗಲು ಅಲುಗುತ್ತಿದ್ದುದು ಮಾತ್ರ ಕಾಣುತ್ತಿತ್ತು.

ಅಷ್ಟರಲ್ಲಿ ಡಾಕ್ಟರಮ್ಮ ವರದಿಯ ತಲೆಬರಹ ನೋಡಿ ಹುಬ್ಬೇರಿಸಿದರು. “ಬಾಟಲಿಗೆ ನಾನು ಹಾಕಿದ ನಂಬರ್ ಸರಿಯಾಗಿದೆ, ಚೂರು ಇವರದೇ. ಆದರೆ ಹೆಸರು ಶಿವಣ್ಣ, ಗಂಡಸು, ವಯಸ್ಸು ನಲವತ್ತೇಳು ಅಂತಿದೆಯಲ್ಲ?”

ಶಿವಣ್ಣ ನಾನೇ. ಅಕ್ಕ ಸೆರಗು ಸರಿಸಿ, ಒದ್ದೆ ಕಣ್ಣಲ್ಲೇ ನನ್ನನ್ನು ನೋಡಿದಳು.

“ಅಪ್ಪನ ಹೊಲ ಬರುಸ್ಕಂಡಿದ್ದು ಸಾಲ್ದೇನ್ಲಾ? ನನ್ ಕಾಯ್ಲೇನೂ ನಿನ್ ಹೆಸ್ರುಗೇ ಬರುಸ್ಕಂಡ್ಯಾ?”

ಫಾರಂ ತುಂಬುವಾಗ ಹೆದರಿದ್ದು ಅಕ್ಕನಿಗಾಗಿ ಎಂದೇ ನಾನು ಅಲ್ಲಿಯವರೆಗೂ ನಂಬಿದ್ದೆ.