ನುಣುಪು ಗೆರೆಯ ಮೇಲೆ ಗುಮಾನಿ

ಸಂಶಯಪಡಲು ನನಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಸೇಡಂ ಬಸ್ ನಿಲ್ದಾಣದಲ್ಲಿ ಕಲಬುರಗಿಯ ಬೋರ್ಡು ಹಾಕಿಕೊಂಡು ನಿಂತ ಬಸ್ಸನ್ನೂ ಕಂಡಕ್ಟರನನ್ನು ಕೇಳದೆ ಹತ್ತುವವನಲ್ಲ ನಾನು. ಅವನು ಹೌದೆಂದ ಮೇಲೆ ಪಕ್ಕದ ಸೀಟಿನವರನ್ನೂ ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ. ಇಂಥವನು ಶಾಲೆಯಲ್ಲಿ ಕಂಪ್ಯೂಟರ್ ಮಾಸ್ತರನಾದರೆ ಮೊದಲ ಗುಮಾನಿ ಪಾಪದ ಮೌಸಿನ ಮೇಲೆ ಬೀಳದೆ ಇನ್ನೇನು?

ಚಿತ್ರ, ದನಿ, ಬರಹ ಎಲ್ಲ ಸೇರಿಸಿ ಪಾಠ ಕಟ್ಟುವ ಒಂದು ಹಳೆಯ ತಂತ್ರಾಂಶದಲ್ಲಿ ಭೂಗೋಳದ ಪಾಠ ತಯಾರಿಸುತ್ತಿದ್ದೆ. ಮಕ್ಕಳು ನಕ್ಷೆಯ ಮೇಲೆ ಮೌಸ್ ಒತ್ತಿಹಿಡಿದು ಕಾಗಿಣಾ ನದಿಯನ್ನು ತಾವೇ ಬರೆಯಬೇಕು. ಸೇಡಂ, ಮಳಖೇಡ ದಾಟಿಸಿ ಚಿತ್ತಾಪುರದ ಕಡೆಗೆ ಒಯ್ಯಬೇಕು. ನಾನು ಬರೆದು ನೋಡಿದರೆ ನದಿ ಹರಿಯುವುದು ಬಿಟ್ಟು ಮೆಟ್ಟಿಲಿಳಿಯುತ್ತಿತ್ತು. ಮೌಸ್ ಒರೆಸಿದೆ, ಬದಲಿಸಿದೆ. ಟೇಬಲ್ಲು ಅಲುಗುತ್ತದೇನೋ ಎಂದು ಅದರ ಕಾಲಿಗೆ ರಟ್ಟು ಕೊಟ್ಟೆ. ಪಾಠವನ್ನು ಮನೆಯ ಕಂಪ್ಯೂಟರಿಗೆ ಹಾಕಿ ಹೆಂಡತಿ ಸುನಂದಾಳ ಕೈಯಲ್ಲಿ ಬರೆಸಿದರೂ ಅದೇ ಸೊಟ್ಟ ನದಿ. ನಾನು ಅವಳ ಕೈಯನ್ನೇ ದಿಟ್ಟಿಸುವುದನ್ನು ಕಂಡು ಅವಳು ರೇಗಿದಳು: "ನಿಮ್ಮ ಪ್ರೋಗ್ರಾಂದಾಗೇ ಏನರೆ ಅದ ನೋಡ್ರಿ. ಕಂಡಕಂಡೋರ ಕೈಮ್ಯಾಲ ಯಾಕ ಸಂಶೆ ಪಡ್ತೀರಿ?"

ದೋಷ ಅಲ್ಲೇ ಇತ್ತು. ಕೈ ಜೋರಾಗಿ ಓಡಿದರೆ ಕಂಪ್ಯೂಟರ್ ಅದರ ಜಾಗವನ್ನು ಬಿಟ್ಟುಬಿಟ್ಟು, ದೂರದೂರದ ಚುಕ್ಕಿಗಳಾಗಿ ಗುರುತಿಸಿಕೊಳ್ಳುತ್ತದೆ. ನಾನು ಆ ಚುಕ್ಕಿಗಳನ್ನು ನೆಟ್ಟನೆಯ ಗೆರೆಗಳಿಂದ ಸೇರಿಸಿದ್ದೆ. ಈಗ ಅಕ್ಕಪಕ್ಕದ ಚುಕ್ಕಿಗಳ ನಡುಬಿಂದು ಹಿಡಿದು, ಅವುಗಳ ಮೂಲಕ ಬಾಗುವ ಗೆರೆ ಹಾಯಿಸಿದೆ. ನದಿ ಹರಿಯಿತು!

ನಮ್ಮ ಹೆಡ್‌ಮಾಸ್ತರ್ ಭೀಮರಾವ್ ಅವರನ್ನು ಕರೆದು ತೋರಿಸಿದೆ. ಅವರು ಒಪ್ಪಿದರೆ ಪಾಠ ಚಿತ್ತಾಪುರದ ಶಿಕ್ಷಕರ ಸಭೆಗೆ ಹೋಗುವುದಿತ್ತು. ಅವರು ನದಿಯ ತಂಟೆಗೇ ಹೋಗದೆ, ಖಾಲಿ ಪರದೆಯ ಮೇಲೆ ತಮ್ಮ ಸಹಿ ಎಳೆದರು. ಕಾಗದದ ಮೇಲೆ ಅವರ ಸಹಿ ಥೇಟ್ ಜಾಲಿಕಂಟಿ, ಬರೀ ಮುಳ್ಳು. ಪರದೆಯ ಮೇಲೆ ಮಲ್ಲಿಗೆ ಬಳ್ಳಿಯಾಗಿ ಮೂಡಿತು.

"ಇದು ನಂದಲ್ಲ," ಅಂದರು.

"ಈಗ ನೀವೇ ಹಾಕಿದ್ರಲ್ರಿ ಸರ್."

"ನನ್ನ ಸಹಿ ಇಷ್ಟ್ ಚಂದ ಬರಂಗಿಲ್ಲ. ಇದರಾಗ ಮದ್ಲೇ ಹಾಕಿಟ್ಟೀರಿ. ಖರೆ ಹೇಳ್ರಿ, ನನ್ನ ಸಹಿ ಯಾವುದಕ್ಕ ರೂಢಿ ಮಾಡಾಕತ್ತೀರಿ?"

ಖೋಟಾ ಸಹಿಯ ಆರೋಪ ಬಂದರೆ ಸಭೆಯ ಮಾತಿರಲಿ, ನೌಕರಿಯೇ ಉಳಿಯದು. ನಡುಬಿಂದುಗಳ ವಿಚಾರ ವಿವರಿಸಿದೆ. ವಿವರಿಸಿದಷ್ಟೂ ಅವರ ಹುಬ್ಬು ಮೇಲೇರಿತು. ಕೊನೆಗೆ ಗೆರೆ ತಿದ್ದುವ ಭಾಗವನ್ನೇ ತೆಗೆದು, "ಈಗ ಹಾಕ್ರಿ ಸರ್" ಎಂದೆ. ಜಾಲಿಕಂಟಿ ಬಂತು. "ಹಾಂ, ಇದು ನಂದು!" ಎಂದು ಮುಖ ಅರಳಿಸಿದವರು, ಮರುಕ್ಷಣ ಮೌಸನ್ನು ನನ್ನತ್ತ ತಳ್ಳಿದರು. "ಈಗ ನೀವ್ ನಿಮ್ಮ ಸಹಿ ಹಾಕ್ರಿ, ನೋಡೋಣು."

ಹಾಕಿದೆ. ತಿದ್ದುವವರಿಲ್ಲದ ನನ್ನ ಹೆಸರು ಚಳಿಜ್ವರ ಬಂದವರಂತೆ ನಡುಗುತ್ತ ಪರದೆಯ ತುಂಬ ಹರಡಿತು.

"ತಪ್ಪು ಮಾಡಿಲ್ಲಂದ್ರ ಕೈ ಯಾಕ ನಡಗಾಕತ್ತದ್ರಿ, ಮಾಸ್ತರ?"

ಅಂತೂ ಗೆರೆ ತಿದ್ದುವ ಭಾಗ ಇರಕೂಡದು ಎಂಬ ಷರತ್ತಿನ ಮೇಲೆ ಪಾಠ ಚಿತ್ತಾಪುರಕ್ಕೆ ಹೋಯಿತು. ಸಭೆಯಲ್ಲಿ ಮೆಟ್ಟಿಲಿಳಿಯುವ ನದಿಯನ್ನು ನೋಡಿ ಯಾರೋ, "ಪ್ರೋಗ್ರಾಂ ಬರೋಬ್ಬರಿ ಇಲ್ಲೇನ್ರಿ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಭೀಮರಾವ್ ಎದ್ದು ನಿಂತು, ನನ್ನ ಮಾನ ಕಾಪಾಡುವ ಹುಮ್ಮಸ್ಸಿನಲ್ಲಿ ಸಾಕ್ಷಿ ನುಡಿದರು: "ಪ್ರೋಗ್ರಾಂ ಭಾಳ ಚಲೋ ಅದರಿ. ನಮ್ಮ ಮಾಸ್ತರಂದು ಕೈ ನಡಗ್ತದ, ಅಷ್ಟ."

ಅಂದಿನಿಂದ ಯಾರೆದುರಿಗೂ ನಾನು ಚಹಾದ ಕಪ್ಪನ್ನು ಒಂದೇ ಕೈಯಲ್ಲಿ ಹಿಡಿಯುವುದಿಲ್ಲ. ಕೈ ನಡುಗುವುದಿಲ್ಲವೆಂದು ನನಗೆ ಗೊತ್ತು. ಆದರೂ ಹೇಳಿದವರು ಹೆಡ್‌ಮಾಸ್ತರು ನೋಡಿ.